ಅಕ್ಕ ತಂದ ಬಾಟಲಿ

ದೀಪಾವಳಿಗೆ ಭದ್ರಾವತಿಯ ಅಕ್ಕನ ಮನೆಗೆ ಹೋದವಳು ಸುಮ್ಮನೆ ಹೋಳಿಗೆ ತಿಂದು ಬರಬಾರದಿತ್ತೇ? ಶಿವಮೊಗ್ಗದ ಲ್ಯಾಬಿನಲ್ಲಿ ನೀನು ಮಾಡುವುದಾದರೂ ಏನು ಎಂದು ಭಾವ ಕೇಳಿದ್ದೇ ನೆಪ, ನನ್ನ ಜಂಬ ಶುರುವಾಯಿತು. ಉಗುರಿನಷ್ಟು ಗಾಜಿನ ಚಿಪ್, ಅದರೊಳಗೆ ಕಣ್ಣಿಗೆ ಕಾಣದ ಕಾಲುವೆ, ಕಾಲುವೆಯಲ್ಲಿ ಸಾಲು ಸಾಲು ಕಂಬ. ನೀರಿನಲ್ಲಿ ಬರುವ ನ್ಯಾನೊ ಕಣಗಳಲ್ಲಿ ದೊಡ್ಡವು ಕಂಬಕ್ಕೆ ತಾಗಿ ಪಕ್ಕಕ್ಕೆ ಸರಿಯುತ್ತವೆ, ಸಣ್ಣವು ನೇರ ಹೋಗುತ್ತವೆ, ರವೆ ಜರಡಿ ಹಿಡಿದ ಹಾಗೆ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಲಿಲ್ಲ. ಒಂದು ಹನಿ ಮೂತ್ರ ಸಾಕು, ಕ್ಯಾನ್ಸರಿನ ಸುಳಿವನ್ನೂ ಬೇರ್ಪಡಿಸಬಹುದು ಎಂದುಬಿಟ್ಟೆ. 'ಮುಂದೆಂದೋ ಒಂದು ದಿನ' ಎಂಬ ಮಾತನ್ನು ಬೇಕೆಂದೇ ನುಂಗಿಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ಕೇಳುತ್ತಿದ್ದಳು.

ಆಮೇಲೆ ಅವಳು ಆಗಾಗ ಫೋನ್ ಮಾಡಿ ಲ್ಯಾಬಿಗೆ ಯಾವಾಗ ಬರಲಿ ಎಂದು ಕೇಳತೊಡಗಿದಳು. ನೋಡುವ ಆಸೆಯಿರಬೇಕೆಂದುಕೊಂಡು ಮುಂದಿನ ವಾರ, ಮುಂದಿನ ವಾರ ಎಂದು ಸಾಗಹಾಕಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ, ಆಲ್ಕೊಳದ ನನ್ನ ಮನೆಗೇ ಬಂದಳು. ಕವರು ಸುತ್ತಿದ ಜೇನುತುಪ್ಪದ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಅವಳ ಮೂತ್ರ. ಕೆಂಪಗಿತ್ತು. ದೀಪಾವಳಿಗೂ ಮುಂಚಿನಿಂದ ಹೀಗೇ ಇದೆಯಂತೆ. ಆಸ್ಪತ್ರೆಯೆಂದರೆ ಹೆದರಿಕೆ, ಹೇಗೂ ತಂಗಿಯ ಮಷಿನ್ ಇದೆಯಲ್ಲ ಎಂದು ಕಾದಿದ್ದಳಂತೆ.

ಭಯಕ್ಕೆ ನನಗೆ ಸಿಟ್ಟೇ ಬಂತು. ತಲೆ ಕೆಟ್ಟಿದೆಯೇನೆ ಎಂದು ಕೂಗಾಡಿದೆ.

"ನೀನೇ ಅಲ್ವೇನೆ ಒಂದ್ ಹನಿ ಸಾಕು ಅಂದಿದ್ದು?" ಎಂದಳು ಅಕ್ಕ. "ಕಮ್ಮಿ ಬೀಳೋದ್ ಬೇಡ ಅಂತ ಬಾಟ್ಲಿ ತುಂಬಾ ತಂದಿದೀನಿ ಮಾರಾಯ್ತಿ."

ನಾವು ಆ ಚಿಪ್ಪಿನಲ್ಲಿ ಹರಿಸುವುದು ಕೊಂಡು ತರಿಸಿದ ಪ್ಲಾಸ್ಟಿಕ್ ಕಣಗಳನ್ನು ಮಾತ್ರ, ಒಂದಿಷ್ಟು ಧೂಳು ಹೊಕ್ಕರೂ ಕಾಲುವೆ ಕಟ್ಟಿಕೊಂಡು ಕೂರುತ್ತದೆ, ಇದುವರೆಗೆ ಯಾರ ಕಾಯಿಲೆಯನ್ನೂ ಅದು ಹೇಳಿಲ್ಲ ಎಂದು ಆಗ ಬಾಯಿಬಿಟ್ಟೆ. ಅಕ್ಕ ಬಾಟಲಿಗೆ ಮತ್ತೆ ಕವರು ಸುತ್ತಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಂದಿನಿಂದ ಹೀಗಾಗುತ್ತಿದೆ ಎಂದು ಡಾಕ್ಟರು ಕೇಳಿದರು. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು.

"ನಿನ್ನೆಯಿಂದ" ಎಂದಳು.

ನನ್ನ ಮಾನ ಉಳಿಸಲು ಹೊರಟಿದ್ದಾಳೆ! ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

"ಇಲ್ಲ ಡಾಕ್ಟ್ರೇ, ದೀಪಾವಳಿಗೂ ಮುಂಚಿಂದ" ಎಂದೆ. "ನನ್ನ ಮಾತು ನಂಬ್ಕೊಂಡು ಕಾದಿದಾಳೆ."

ಮೇಜಿನ ಕೆಳಗೆ ಅಕ್ಕ ನನ್ನ ತೊಡೆ ಚಿವುಟಿದಳು. ಡಾಕ್ಟರು ಸ್ಕ್ಯಾನಿಗೆ ಬರೆಯುತ್ತಿದ್ದವರು ತಲೆಯೆತ್ತಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರು. ಗದರಿದ್ದು ಅವಳನ್ನು. ಅಕ್ಕ ತಲೆ ತಗ್ಗಿಸಿಕೊಂಡು, ತಪ್ಪಾಯಿತು ಎಂದಳು.