ಕುಂಕುಮವಿಟ್ಟು ಬಿಟ್ಟುಬಂದ ಆಮೆಗಳು

ಮಹಡಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದಾಗ ಭೀಮುನಿಪಟ್ಟಣದಿಂದ ನೂಕಾಲು ಫೋನ್ ಮಾಡಿದಳು. ಅವಳು ನನ್ನ ಬಾಲ್ಯದ ಗೆಳತಿ, ಬೆಸ್ತರ ಮನೆಯವಳು.

"ಒಸೇ, ಇವತ್ತು ನಮ್ಮ ದಡದಲ್ಲಿ ಒಂಬತ್ತು ಆಮೆ ಬಿದ್ದಿದ್ವು. ಎಲ್ಲದರ ಹಿಂಭಾಗ ಎತ್ತಿ ಇಟ್ಟು ಕಾದೆ. ಒಂದೂ ಏಳಲಿಲ್ಲ ಕಣೇ."

ವಿಜಯವಾಡದ ನಮ್ಮ ಮಹಡಿಯಿಂದ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತದೆ. ಏನೇ ಆದರೂ ಅತ್ತ ತಿರುಗಿ ಆ ದೇವಿಗೆ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಈ ಸಲವೂ ಫೋನ್ ಕಿವಿಗೊತ್ತಿಕೊಂಡೇ ಅತ್ತ ತಿರುಗಿದೆ.

ನಾವಿಬ್ಬರೂ ಮೊದಲ ಸಲ ಆಮೆಯ ಹಿಂಭಾಗ ಎತ್ತಿ ಇಟ್ಟು ಕಾದಾಗ ನನಗೆ ಹತ್ತು ವರ್ಷ. ಅಪ್ಪ ವಿಶಾಖಪಟ್ಟಣದಲ್ಲಿ ನೌಕಾಪಡೆಯ ಹಡಗಿನಲ್ಲಿದ್ದರು. ಕ್ವಾರ್ಟರ್ಸ್ ಸಿಗುವವರೆಗೆ ಭೀಮುನಿಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಚಳಿಗಾಲ ಬಂತೆಂದರೆ ಬೀದಿಯಲ್ಲೆಲ್ಲ ಬೇಯಿಸಿದ ತಾಳೆಮೊಳಕೆಯ ಪರಿಮಳ, ಗಾಳಿ ತಿರುಗಿದರೆ ಒಣಮೀನಿನ ವಾಸನೆ. ನಾವು ಏಡಿಯ ಬಿಲಕ್ಕೆ ಕಡ್ಡಿ ತೂರಿಸಿ, ಅದು ಹೊರಬಂದರೆ ಕಿರುಚಿ ಓಡುತ್ತಿದ್ದೆವು. ಹೊನ್ನಾವರದ ನನ್ನ ಅಮ್ಮನಿಗೆ ತೆಲುಗು ಬಾರದು. "ಭಾಷೆ ಬರದಿದ್ರೆ ಎಂತ ಆತು? ಬಾಗ್ಲಿಗೆ ಮೀನು ಬತ್ತದಲೆ," ಎನ್ನುತ್ತಿದ್ದಳು. ಬುಟ್ಟಿ ಹೊತ್ತು ಬರುತ್ತಿದ್ದವಳು ನೂಕಾಲುವಿನ ತಾಯಿ.

ನೂಕಾಲುವಿನ ಅಪ್ಪ ಎರ್ರಯ್ಯ ಮಾವನಿಗೆ ಸಣ್ಣ ದೋಣಿಯಿತ್ತು. ಬಲೆಗೆ ಆಮೆ ಸಿಕ್ಕಿದರೆ ಅವರು ಬಲೆಯನ್ನೇ ಕೊಯ್ದು ಅದನ್ನು ದಡಕ್ಕೆ ತರುತ್ತಿದ್ದರು. ಅದು ಕೂರ್ಮಾವತಾರ. ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಮತ್ತೆ ಕಡಲಿಗೆ ಬಿಡುತ್ತಿದ್ದರು. ಕುಂಕುಮದ ಭರಣಿ ಹಿಡಿದು ನಿಲ್ಲುವುದು ನಮ್ಮಿಬ್ಬರ ಕೆಲಸ.

"ಬಲೆ ಹಾಳಾಯ್ತಲ್ಲ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಬಲೆ ಹೋದ್ರೆ ಮತ್ತೆ ಹೆಣೀತೀನಮ್ಮಾ. ಸ್ವಾಮಿ ಹೋದ್ರೆ ಹೆಣೆಯೋಕೆ ಆಗುತ್ತಾ?" ಎಂದು ನಕ್ಕಿದ್ದರು.

ಆ ವರ್ಷ ದೊಡ್ಡ ಟ್ರಾಲರ್‌ಗಳು ದಡಕ್ಕೆ ತೀರ ಹತ್ತಿರ ಬಂದು ಕಡಲಿನ ತಳವನ್ನೇ ಕೆರೆದು ಬಲೆ ಎಳೆಯತೊಡಗಿದವು. ಮಾವನ ಬಲೆ ಬರಿದಾಗಿ ಬರತೊಡಗಿತು. ಒಂದು ದಿನ ನೂಕಾಲುವಿನ ತಾಯಿ ಖಾಲಿ ಬುಟ್ಟಿ ಹೊತ್ತೇ ಬಂದು, "ಇವತ್ತು ಇಲ್ಲಮ್ಮಾ" ಎಂದು ಹೇಳಿ ಹೋದಳು. ಕೊನೆಗೆ ಮಾವ ತಮ್ಮ ದೋಣಿಯನ್ನು ಮರಳಿನ ಮೇಲೆ ಕವುಚಿ ಹಾಕಿ, ಟ್ರಾಲರ್‌ನಲ್ಲಿ ಕೂಲಿಗೆ ಹೋದರು.

ಅದೇ ದಿನಗಳಲ್ಲಿ ದಡಕ್ಕೆ ಆಮೆಗಳು ಬಂದು ಬೀಳತೊಡಗಿದವು. ಮೈ ಮೇಲೆ ಗಾಯವಿಲ್ಲ, ಅಲುಗಾಟವಿಲ್ಲ. ಸತ್ತರೂ ದೇವರು ದೇವರೇ ಎಂದು ನಾವಿಬ್ಬರೂ ಬೆಳಿಗ್ಗೆ ಭರಣಿ ಹಿಡಿದು ಹೋಗಿ, ಒಂದೊಂದಕ್ಕೂ ಕುಂಕುಮವಿಟ್ಟು, ಅಡ್ಡಬಿದ್ದು ಬರುತ್ತಿದ್ದೆವು. ಒಂದು ದಿನ ಒಂದರ ಕಣ್ಣಿನಿಂದ ನೀರಿಳಿಯಿತು. "ಸ್ವಾಮಿಗೆ ನಮ್ಮ ಪೂಜೆ ತಲುಪಿತು!" ಎಂದು ಕುಣಿದಾಡಿಕೊಂಡು ಮನೆಗೆ ಬಂದೆವು.

ಹತ್ತು ದಿನದ ಮೇಲೆ ಮಾವ ಕಡಲಿನಿಂದ ಬಂದರು. ನಮ್ಮ ಮೆಟ್ಟಿಲ ಮೇಲೆ ಕೂತರು. ಅಮ್ಮ ಕೊಟ್ಟ ಕಾಫಿ ಕೈಯಲ್ಲೇ ಆರುತ್ತಿತ್ತು.

"ಆಮೆ ಬಂದ್ವಾ ನಾನ್ನಾ? ಕುಂಕುಮ ಇಟ್ಟೆಯಾ?" ಎಂದು ನೂಕಾಲು ಅಪ್ಪನನ್ನು ಕೇಳಿದಳು.

"ಗಂಟೆಗಟ್ಟಲೆ ಬಲೆ ಎಳೀತಾರೆ ತಲ್ಲೀ. ಆಮೆಗೂ ಮೇಲೆ ಬಂದು ಉಸಿರಾಡಬೇಕಲ್ಲ? ನೀರು ಕುಡಿದು ಮೂರ್ಛೆ ಹೋಗಿರ್ತವೆ. ಹಿಂಭಾಗ ಎತ್ತಿ ಇಟ್ಟು, ಸಂಜೆವರೆಗೂ ಕಾದರೆ ನೀರು ಇಳಿದು ಒಂದೊಂದು ಬದುಕುತ್ತೆ. ಜಾಗ ಇಲ್ಲ, ಎಸೆದುಬಿಡು ಅಂತಾನೆ ಟ್ರಾಲರ್ ಡ್ರೈವರು. ಎಸೆದೆ. ಈ ಕೈಯಲ್ಲೇ ಎಸೆದೆ." ಆಮೇಲೆ ಅಮ್ಮನ ಕಡೆ ತಿರುಗಿ ಹೇಳಿದರು: "ದೊಡ್ಡ ಮೀನು ಐಸಿಗೆ, ಮರಿಯೆಲ್ಲ ಪುಡಿ ಮಾಡೋ ಫ್ಯಾಕ್ಟರಿಗೆ. ಬೆರಳುದ್ದ ಇಲ್ಲಮ್ಮಾ ಅವು."

ನೂಕಾಲು ನನ್ನ ಮುಖ ನೋಡಿದಳು. ನಾನು ಅವಳದ್ದು ನೋಡಿದೆ. ಆ ಕಣ್ಣೀರು. ಬದುಕಿದ್ದುದಕ್ಕೆ ಕುಂಕುಮವಿಟ್ಟು, ಕಾಗೆಗಳ ನಡುವೆ ಬಿಟ್ಟು ಬಂದಿದ್ದೆವು.

ಮರುದಿನ ನಾವಿಬ್ಬರೂ ಶಾಲೆಗೆ ಹೋಗಲಿಲ್ಲ. ದಡದಲ್ಲಿ ಒಂದು ಆಮೆ ಬಿದ್ದಿತ್ತು. ಹಿಂಭಾಗದ ಕೆಳಗೆ ಮರದ ಹಲಗೆ ತೂರಿಸಿ ಎತ್ತರಿಸಿದೆವು, ಮೇಲೆ ಒದ್ದೆ ಗೋಣಿ ಹೊದಿಸಿದೆವು. ಬದುಕು ಸ್ವಾಮಿ, ನಮ್ಮ ತಪ್ಪು ಹೊಟ್ಟೆಗೆ ಹಾಕಿಕೋ ಎಂದು ಗೋಗರೆದೆ. ಮಧ್ಯಾಹ್ನ ಅಮ್ಮ ಕೋಲು ಹಿಡಿದೇ ಬಂದಳು.

"ಎಂತದ್ರೇ ಇದು, ಮೈಯೆಲ್ಲ ಹೊಯ್ಗೆ! ಶಾಲೆ ಬಿಟ್ಟು ಸತ್ತದ್ದರ ಮುಂದೆ ಕೂತ್ಕಂಡ್ರೆ ಅದು ಎದ್ದು ಬತ್ತದ್ಯೆ?"

ನಾನು ಅಳುತ್ತಲೇ ಎಲ್ಲ ಹೇಳಿದೆ. ಅಮ್ಮ ಕೋಲನ್ನು ಅತ್ತ ಎಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಡಲ ನೀರು ತಂದು ಗೋಣಿಯನ್ನು ಮತ್ತೆ ತೋಯಿಸಿದಳು. ಆಮೇಲೆ ನಮ್ಮ ಪಕ್ಕದಲ್ಲೇ ಕೂತುಬಿಟ್ಟಳು.

ಹೊತ್ತು ಇಳಿಯುವಾಗ ಅದರ ಬಾಯಿಂದ ನೀರು ಸೋರಿತು. ಆಮೇಲೆ ಅದರ ಒಂದು ಮುಂಗಾಲು ಮರಳನ್ನು ಗೀಚಿತು. ಮೂವರೂ ಸೇರಿ ಅಲೆಯವರೆಗೆ ದೂಡಿದೆವು. ಅಲೆ ಬಂದು ಎತ್ತಿಕೊಂಡಿತು. ಅದು ತಿರುಗಿಯೂ ನೋಡದೆ ಹೋಯಿತು.

ಆ ಒಂದನ್ನು ದೇವರು ಕೊಟ್ಟ. ಅದನ್ನು ನಾನು ಇವತ್ತಿಗೂ ಎಣಿಸಿಕೊಳ್ಳುತ್ತೇನೆ. ಅದಕ್ಕೆ ಮೊದಲು ಬಿಟ್ಟು ಬಂದವು ಎಷ್ಟೋ, ಅವನಿಗೇ ಗೊತ್ತು.

ಎರ್ರಯ್ಯ ಮಾವ ಈಗಿಲ್ಲ. ನೂಕಾಲುವಿನ ಮನೆಯಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ. ಅವಳ ಮಗಳು ಅಚ್ಯುತಾಪುರದ ಫ್ಯಾಕ್ಟರಿಗೆ ಹೋಗುತ್ತಾಳೆ. ಬಾಗಿಲಿಗೆ ಬುಟ್ಟಿ ಬರುವುದು ಯಾವಾಗಲೋ ನಿಂತಿದೆ. ಇಲ್ಲಿ ನಾನು ಕೊಳ್ಳುವುದು ಕೆರೆಯಲ್ಲಿ ಸಾಕಿದ ಮೀನು. "ಸಮುದ್ರದ ಮೀನಿನ ಪುಡಿ ತಿಂದು ಬೆಳೆದದ್ದಮ್ಮಾ, ಒಳ್ಳೇ ರುಚಿ," ಎಂದು ಮಾರುವವನು ಹೆಮ್ಮೆಯಿಂದ ಹೇಳುತ್ತಾನೆ. ಬೆರಳುದ್ದವೂ ಇಲ್ಲದ ಆ ಮರಿಗಳದ್ದೇ ಆ ಪುಡಿ. ಗೊತ್ತಿದ್ದೂ ಇಷ್ಟು ವರ್ಷ ಕೊಂಡೆ. ಮಕ್ಕಳಿಗೆ ಬಡಿಸಿದೆ. ಯಾರನ್ನು ಬೈಯಲಿ?

"ಇದ್ದೀಯೇನೇ?" ಎಂದಳು ನೂಕಾಲು ಫೋನಿನಲ್ಲಿ. "ಮಂಡಿ ನೋವು. ದಡಕ್ಕೆ ನಾಳೆಯೂ ಹೋಗಲಾ, ಬಿಟ್ಟುಬಿಡಲಾ? ನೀನು ಹೇಳಿದ ಹಾಗೆ."

ಸಾಕು ಬಿಡು ಎನ್ನಬೇಕೆಂದು ನಾಲಗೆಯ ತುದಿಗೆ ಬಂದಿತ್ತು.

"ಹೋಗು," ಅಂದೆ. "ಶನಿವಾರ ಬಸ್ಸು ಹತ್ತಿ ನಾನೂ ಬರ್ತೀನಿ."

"ಬಂದು ಏನು ಮಾಡ್ತೀ?"

"ಒಬ್ಬಳೇ ಎತ್ತೋದು ಕಷ್ಟ."

ಅವಳು ಫೋನ್ ಇಟ್ಟಳು. ನಾನು ಕೆಳಗಿಳಿದು, ಮರುದಿನದ ಇಡ್ಲಿಗೆ ಉದ್ದು ನೆನೆಹಾಕಿದೆ.