ದೋಣಿಕಟ್ಟೆಯ ಮೆರೆಯಾನಜ್ಜಿ

ಟುವಾಟಾರಾ ಎಂಬ, ಓತಿಯಂತೆ ಕಾಣುವ ಪುರಾತನ ಸರೀಸೃಪಗಳ ದ್ವೀಪಕ್ಕೆ ಹೊರಟವರೆಲ್ಲ ಮೊದಲು ದೋಣಿಕಟ್ಟೆಯಲ್ಲಿ ಮೆರೆಯಾನಜ್ಜಿಯ ಮುಂದೆ ಕಾಲುಚೀಲ ಬಿಚ್ಚಬೇಕು. ಮಂತ್ರಿಯೇ ಬರಲಿ, ಸ್ವಂತ ಅಳಿಯನೇ ಬರಲಿ, ಅವಳು ಷೆಡ್ಡಿನ ಕದ ಮುಚ್ಚಿ, ಅವರ ಚೀಲವನ್ನು ಬಿಳಿ ಮೇಜಿನ ಮೇಲೆ ಸುರಿದು, ಹುಲ್ಲುಬೀಜವಿದೆಯೇ, ಇಲಿ ಅಡಗಿದೆಯೇ ಎಂದು ಹೊಲಿಗೆ ಹೊಲಿಗೆಯನ್ನೂ ತಡಕುತ್ತಾಳೆ. "ಜೇಬು ಹೊರಗೆ ಎಳಿಯಪ್ಪಾ. ನಾಚ್ಕೋಬೇಡ, ನಿಮ್ಮ ತಾತನ ಜೇಬೂ ನೋಡಿದೀನಿ." ಗಡ್ಡ ಬಿಟ್ಟವರ ಗಡ್ಡವನ್ನೂ ಬಾಚಿ ನೋಡುತ್ತಾಳೆಂದು ಊರವರು ನಗುತ್ತಾರೆ. "ಬಾಚ್ತೀನಿ, ಏನೀಗ? ಬಸುರಿ ಇಲಿ ಒಂದು ದಡ ಸೇರಿದ್ರೆ ಸಾಕು, ಒಂದು ಮೊಟ್ಟೇನೂ ಉಳಿಯಲ್ಲ. ಡೈನೋಸಾರ್‌ಗಳನ್ನ ಮಣ್ಣು ಮಾಡಿ ಬದುಕಿರೋ ಮನೆತನ, ಇಲಿ ಬಾಯಿಗೆ ಹೋಗ್ಬೇಕಾ?" ಆದರೆ ದೋಣಿ ನಡೆಸುವ ರಾವಿರಿ "ಇಷ್ಟೊಂದು ಅನುಮಾನ ಯಾಕಜ್ಜಿ?" ಎಂದು ರೇಗಿಸಿದಾಗ ಮಾತ್ರ ಅವಳು ಮುಖ ತಿರುಗಿಸಿ ಬಿಳಿ ಮೇಜು ಒರೆಸತೊಡಗುತ್ತಾಳೆ. ಹದಿನೆಂಟು ವರ್ಷದ ಹಿಂದೆ, ದ್ವೀಪದಲ್ಲಿ ಟುವಾಟಾರಾ ಮರಿಗಳನ್ನು ಬಿಡುವ ದಿನ, ಇದೇ ಮೇಜಿನ ಮೇಲೆ ರೊಟ್ಟಿಬುಟ್ಟಿಯೊಂದರಿಂದ ಇಲಿ ಹೊರಗೆ ಹಾರಿತ್ತು. ಬುಟ್ಟಿ ಅಜ್ಜಿಯದೇ. ದ್ವೀಪವನ್ನು ಕಾಯುವ ತನ್ನ ಕುಲದ ಪರವಾಗಿ ಮರಿಗಳಿಗೆ ಪ್ರಾರ್ಥನೆ ಹೇಳಬೇಕಾದವಳೂ ಅವಳೇ. ಅಂದು ದೋಣಿ ಹತ್ತಬಾರದೆಂದು ತನಗೆ ತಾನೇ ಶಿಕ್ಷೆ ಹಾಕಿಕೊಂಡು, ಕಟ್ಟೆಯ ಮೇಲೆ ನಿಂತೇ, ಗಾಳಿಗೆದುರಾಗಿ ಪ್ರಾರ್ಥನೆ ಕೂಗಿ ಹೇಳಿದಳು. ಆಮೇಲೆ ದೋಣಿ ಹತ್ತಿದ್ದೇ ಇಲ್ಲ. ನಿನ್ನೆ ಸಂಜೆ ದ್ವೀಪದಿಂದ ಮರಳಿದ ರಾವಿರಿ ದೂರದಿಂದಲೇ ಅರಚಿದ: "ಅಜ್ಜೀ, ಅವತ್ತು ಬಿಟ್ಟ ಹೆಣ್ಣುಮರಿ ಮೊಟ್ಟೆ ಇಟ್ಟಿದೆ!" ಇವತ್ತು ಬೆಳಿಗ್ಗೆ ಅಜ್ಜಿ ಹಬ್ಬದ ಶಾಲು ಹೊದ್ದು ಬಂದಳು. ತನ್ನ ಚೀಲವನ್ನು ತಾನೇ ಬಿಳಿ ಮೇಜಿನ ಮೇಲೆ ಸುರಿದು, ಕಾಲುಚೀಲ ಬಿಚ್ಚಿ, ರಾವಿರಿಯನ್ನು ಕರೆದಳು: "ಬಾರೋ, ನಂದು ನೀನು ನೋಡು. ಅಜ್ಜಿ ಅಂತ ಬಿಟ್ಟುಬಿಡ್ಬೇಡ."