ಸಕ್ಕರೆ ಡಬ್ಬಿಯಲ್ಲಿ ಮಲ್ಲಿಗೆ

ಇವತ್ತು ಏಕಾದಶಿ, ಉಪವಾಸ. ಅಂಗಳ ಗುಡಿಸಿ, ತುಳಸಿಗೆ ನೀರೆರೆದು, ಮೊಮ್ಮಗಳ ನಾಳೆಯ ಕೇಕಿಗೆ ಸಕ್ಕರೆ ಪುಡಿ ಮಾಡಲು ಡಬ್ಬಿ ತೆರೆದೆ. ಒಳಗೆ ಹುಗಿದಿಟ್ಟ ಏಲಕ್ಕಿ ಸಿಪ್ಪೆಯ ಪರಿಮಳಕ್ಕೆ ಅಜ್ಜಿಯ ನೆನಪಾಯಿತು.

ಏಲಕ್ಕಿ ಕಾಳು ದೇವರ ಪಾಯಸಕ್ಕೆ, ಸಿಪ್ಪೆ ನಮ್ಮ ಸಕ್ಕರೆಗೆ ಎಂಬುದು ಅಜ್ಜಿಯ ಕ್ರಮ. ಅಕ್ಕನನ್ನು ನೋಡಲು ಗಂಡಿನವರು ಬರುವ ಹಿಂದಿನ ದಿನ ನಾನೂ ಜಾಣತನ ತೋರಿಸಿ, ನೀರು ಚಿಮುಕಿಸಿಟ್ಟಿದ್ದ ಒಂದು ಚೆಂಡು ಮಲ್ಲಿಗೆಯನ್ನು ಡಬ್ಬಿಯೊಳಗೆ ಹುಗಿದೆ. ಮರುದಿನ ಸಕ್ಕರೆ ಕಲ್ಲಾಗಿತ್ತು. ಬೇರೆ ಸಕ್ಕರೆ ಇರಲಿಲ್ಲ, ನೆಂಟರು ಜಗಲಿಯಲ್ಲಿ ಕೂತಾಗಿತ್ತು.

“ಎಂತ ಮಾಡಿದ್ದಿ ಮಾರಾಯ್ತಿ! ಅಕ್ಕನಿಗೆ ಮದುವೆ ಆಗುವುದು ಬೇಡವಾ ನಿಂಗೆ?” ಎಂದು ಗದರಿದ ಅಜ್ಜಿ, ಹೂ ತೆಗೆದು, ಗಟ್ಟಿ ಒಡೆದು ನೀರಲ್ಲಿ ಕದಡಿ, ಲಿಂಬೆ ಹಿಂಡಿದರು.

ಹುಡುಗನ ತಾಯಿ ಒಂದು ಗುಟುಕು ಕುಡಿದು, “ಶರಬತ್ತಿಗೆ ಮಲ್ಲಿಗೆ ಪರಿಮಳ ಉಂಟಲ್ಲ! ಯಾರು ಮಾಡಿದ್ದು?” ಎಂದರು.

“ನಮ್ಮ ಹುಡುಗಿಯೇ,” ಎಂದು ಅಜ್ಜಿ ಅಕ್ಕನನ್ನು ತೋರಿಸಿದರು. ದೇವರ ದಯೆ, ಮದುವೆ ಆಯಿತು.

ಅಕ್ಕ ಈಗ ಉಳ್ಳಾಲದಲ್ಲಿ ಸುಖವಾಗಿದ್ದಾಳೆ. ಫೋನಿನಲ್ಲಿ ಇಂಥದ್ದೆಲ್ಲ ಓದುವವಳಲ್ಲ, ಆದರೆ ಅವಳ ಸೊಸೆ ಓದುತ್ತಾಳೆ. ಮಗಾ, ಆ ಸಕ್ಕರೆ ಯಾರ ಕೆಲಸವೆಂದು ನಿನ್ನ ಅತ್ತೆ ಇಷ್ಟು ವರ್ಷದಲ್ಲಿ ನಿನ್ನ ಮಾವನಿಗೆ ಹೇಳಿದ್ದಾಳಾ ಕೇಳು. ಅವಳ ಉತ್ತರ ತಂದು ಇಲ್ಲೇ ಕೆಳಗೆ ಕಮೆಂಟಿನಲ್ಲಿ ಹಾಕು.